ಬರಿ ಹಣೆ

9 ನವೆಂಬರ್ 1997, ಭದ್ರಾವತಿ

ಬೇಕರಿ ಬೋರ್ಡು ಮುಗಿಯಿತು. ಜಂಬಣ್ಣನ ಅಂಗಡಿಯಲ್ಲಿ ಬೋರ್ಡು ಬರೆಯುವವಳು ನಾನೊಬ್ಬಳೇ ಹುಡುಗಿ. ಗಿರಾಕಿ ಬರುತ್ತಾನೆ, ನನ್ನನ್ನೇ ನೋಡುತ್ತಾನೆ, "ಪೇಂಟರ್ ಇಲ್ವಾ?" ಅಂತಾನೆ. ಕೈಯಲ್ಲಿ ಬ್ರಷ್ ಇರುತ್ತೆ. ಆದರೂ.

ಶಿವಮೊಗ್ಗದ ಚಿತ್ರ ಪ್ರದರ್ಶನಕ್ಕೆ ಹೆಸರು ಕೊಟ್ಟೆ. ದುರ್ಗಿಗುಡಿಯಲ್ಲಿ ಒಂದು ಹಾಲ್. ಹೋದ ವರ್ಷ ಇಲ್ಲೇ ಭದ್ರಾವತಿಯಲ್ಲಿ ರಾಜ್ಯೋತ್ಸವಕ್ಕೆ ಇಟ್ಟಾಗ ನನ್ನ ಚಿತ್ರ ಎಲ್ಲಿ ಹಾಕಿದ್ದರು? ಕಸೂತಿ, ಉಲ್ಲನ್ ಗೊಂಬೆ, ಬಾಟಲಿ ಮೇಲೆ ಬರೆದ ಹೂವು — ಅದರ ಪಕ್ಕ. ಮೇಲೆ ಬೋರ್ಡು: ಮಹಿಳಾ ಮೂಲೆ. ಮೂಲೆ ಅಂತಲೇ, ನಾಚಿಕೆ ಇಲ್ಲದೆ. ಆ ಬೋರ್ಡನ್ನೂ ನಾನೇ ಬರೆದುಕೊಟ್ಟಿದ್ದೆ. ಥೂ.

16 ನವೆಂಬರ್

ಅವ್ವನ ಮುಖ ಮುಗಿಯುತ್ತಿಲ್ಲ. ತಗಡಿನ ಮೇಲೆ ಎನಾಮಲ್ ಬಣ್ಣ. ಕ್ಯಾನ್ವಾಸು ನನಗೆ ಒಗ್ಗಲ್ಲ. ಕಣ್ಣು ಬಂತು, ಮೂಗು ಬಂತು, ಸೆರಗೂ ಬಂತು. ಹಣೆ ಬರುತ್ತಿಲ್ಲ.

ಅಪ್ಪ ಹೋಗಿ ಎರಡು ವರ್ಷ. ಅವ್ವ ಕುಂಕುಮ ಇಡುತ್ತಿದ್ದ ಜಾಗ ಬಿಳಿಚಿಕೊಂಡು ಹಾಗೇ ಉಳಿದಿದೆ. ಗೋಡೆ ಮೇಲಿನ ಗಡಿಯಾರ ತೆಗೆದರೆ ಉಳಿಯುತ್ತಲ್ಲ, ಹಾಗೆ. ಚರ್ಮದ ಬಣ್ಣವೂ ಅಲ್ಲ, ಬಿಳಿಯೂ ಅಲ್ಲ. ಅದು ಬಂದರೆ ಚಿತ್ರ. ಉಳಿದದ್ದನ್ನು ಯಾರು ಬೇಕಾದರೂ ಬರೀತಾರೆ.

ಅವ್ವನಿಗೂ ಬೇಜಾರಾಯಿತು. "ಗೋಡೆಗೆ ಸುಣ್ಣ ಬಳಿಯೋರೂ ಇಷ್ಟು ಸಲ ಬಳಿಯಲ್ಲ ಮಾರಾಯ್ತಿ" ಅಂದಳು.

22 ನವೆಂಬರ್

ಬಂತು! ಆ ಬಣ್ಣ ಬಂತು. ಹಣೆ ಇನ್ನೂ ಅಂಟಂಟು, ಆದರೂ ನಾಳೆ ಹಾಗೇ ಒಯ್ಯುತ್ತೇನೆ.

ಅವ್ವ ಬರಲ್ಲ ಅಂದಳು. ದೀಪ ಹಚ್ಚುವ ಕಡೆ ತಾನ್ಯಾಕೆ ಅಂತ. ಅಪ್ಪ ಹೋದಮೇಲೆ ಹೀಗೇ — ಮದುವೆಗೆ ಹೋದರೂ ಮಂಟಪದ ಕಡೆ ಸುಳಿಯಲ್ಲ, ಸೀದಾ ಊಟದ ಮನೆ. ಜಗಳ ಮಾಡಿದೆ. ನಿನ್ನ ಮುಖವೇ ಅಲ್ಲಿ ಗೋಡೆ ಮೇಲಿರುತ್ತೆ, ನೀನು ಮಾತ್ರ ಬರಬಾರದಾ? ಕೊನೆಗೆ ಒಪ್ಪಿದಳು. ಹಿಂದೆ ನಿಲ್ಲುತ್ತಾಳಂತೆ.

23 ನವೆಂಬರ್, ಬಸ್ಸಿಂದ ಇಳಿದು ಬಂದ ಮೇಲೆ

ಬರೆದೇ ತೀರುತ್ತೇನೆ.

ನನ್ನ ಚಿತ್ರ ಮುಂಬಾಗಿಲ ಎದುರಿಗೇ ಹಾಕಿದ್ದರು. ಮೂಲೆ ಅಲ್ಲ. ಖುಷಿಯಾಗಿತ್ತು. ಅಷ್ಟರಲ್ಲಿ ವಿಮಲಮ್ಮ ಬಂದಳು. ಕಮಿಟಿ ಸೆಕ್ರೆಟರಿ, ರವೀಂದ್ರನಗರದವಳು, ರೇಷ್ಮೆ ಸೀರೆ, ಬೆಲ್ಲದಂಥ ಮಾತು. ಬಾಗಿಲಿಗೆ ಒಂದು ರಂಗೋಲಿ ಹಾಕಿಬಿಡಮ್ಮ ಅಂದಳು. ನಾನೂ ಚಿತ್ರ ಇಟ್ಟವಳು ಅಂದೆ. ಅದಕ್ಕೇ ಹೇಳಿದ್ದು, ನಿನ್ನ ಕೈ ಚೆನ್ನಾಗಿದೆ ಅಂತ ನಕ್ಕಳು. ಚಿತ್ರ ಇಟ್ಟ ಗಂಡಸರೆಲ್ಲ ಕಾಫಿ ಕುಡಿಯುತ್ತಿದ್ದರು. ನಾನು ಕುಕ್ಕರುಗಾಲಲ್ಲಿ ಕೂತು ಚುಕ್ಕಿ ಇಟ್ಟೆ. ಪೆದ್ದಿ.

ಕೈ ತೊಳೆದು ಬರುವಷ್ಟರಲ್ಲಿ ದೀಪ ಹಚ್ಚಿ ಭಾಷಣ ಶುರುವಾಗಿತ್ತು. ಮುಖ್ಯ ಅತಿಥಿ ನನ್ನ ಚಿತ್ರದ ಕಡೆ ಕೈ ತೋರಿಸಿ, "ಮುತ್ತೈದೆ ಅಂದ್ರೆ ಈ ಕಳೆ ಇರ್ಬೇಕು ನೋಡಿ" ಅಂದ. ಚಪ್ಪಾಳೆ.

ಯಾವ ಮುತ್ತೈದೆ?

ನೋಡಿದೆ. ಚಿತ್ರದಲ್ಲಿ ಅವ್ವನ ಹಣೆ ಮೇಲೆ ಮರೂನ್ ಸ್ಟಿಕ್ಕರ್. ಸರಿಯಾಗಿ ಆ ಬಿಳಿಚಿದ ಜಾಗದ ಮೇಲೆ.

ರಂಗೋಲಿ ಹಾಕು ಅನ್ನುವಾಗ ವಿಮಲಮ್ಮನ ಹಣೆ ಮೇಲೆ ಇದ್ದದ್ದೇ ಅದು. ಅವಳ ಮುಂದೆ ಹೋಗಿ ನಿಂತೆ. ಅವಳಿಗೆ ಒಂದು ಚೂರೂ ಅಳುಕಿಲ್ಲ.

"ಬಾಗಿಲ ಎದುರಿಗೇ ಬರಿ ಹಣೆ ಇತ್ತಲ್ಲಮ್ಮ, ಉದ್ಘಾಟನೆ ದಿನ. ಅವಸರದಲ್ಲಿ ನೀನು ಮರೆತಿದೀಯ ಅಂದ್ಕೊಂಡೆ. ನನ್ ಹಣೇದೇ ತೆಗೆದು ಇಟ್ಟೆ."

ಮರೆತೆನಂತೆ! ಪರ್ಸಿಂದ ಇನ್ನೊಂದು ತೆಗೆದು ತಾನೂ ಇಟ್ಟುಕೊಂಡಿದ್ದಳು. ಉಪಕಾರ ಮಾಡಿದವಳ ಮುಖ. ಹೊಡೆಯೋಣ ಅನ್ನಿಸಿತು. ಅವಳು ಬೈದಿದ್ದರೆ ನಾನೂ ಬೈಯಬಹುದಿತ್ತು, ಈ ನಗುವನ್ನು ಏನು ಮಾಡುವುದು?

ಕೀಳಲು ಓಡಿದೆ. ಅವ್ವ ಆಗಲೇ ಚಿತ್ರದ ಮುಂದೆ ನಿಂತಿದ್ದಳು. ನನ್ನ ಮಣಿಕಟ್ಟು ಹಿಡಿದಳು.

"ಕೀಳ್ಬೇಡ ಕಣೆ. ಇರ್ಲಿ."

"ನಿನಗೇನೂ ಅನ್ಸಲ್ವಾ ಅವ್ವ?"

"ಅನ್ಸುತ್ತೆ. ಅದಕ್ಕೇ ಇರ್ಲಿ ಅಂದಿದ್ದು."

ಬಸ್ಸಲ್ಲಿ ಬೇರೆ ಸೀಟಲ್ಲಿ ಕೂತೆ. ಅವಳ ಮೇಲೂ ಸಿಟ್ಟು.

26 ನವೆಂಬರ್

ಪೇಪರಲ್ಲಿ ಫೋಟೋ. "ಗಮನ ಸೆಳೆದ ಮುತ್ತೈದೆ." ನಾನು ಇಟ್ಟ ಹೆಸರು 'ಅವ್ವ' ಅಂತ. ಯಾರಿಗೆ ಬೇಕು.

ಬೆಳಿಗ್ಗೆಯೇ ಷಡಕ್ಷರಪ್ಪ ದೊಡ್ಡಪ್ಪ ಪೇಪರ್ ಮಡಚಿಕೊಂಡು ಬಂದ. ಅಪ್ಪ ಸತ್ತ ದಿನ ಹೆಂಗಸರನ್ನು ಕರೆದು ಅವ್ವನ ಕುಂಕುಮ ಒರೆಸಿಸಿದವನು ಇವನೇ. ಕೂರಲೂ ಇಲ್ಲ.

"ನನ್ ತಮ್ಮ ಸತ್ತು ಮಣ್ಣಾಗಿದಾನೆ. ಅವನ ಹೆಂಡ್ತೀಗೆ ಊರ ಮುಂದೆ ಕುಂಕುಮ ಇಡ್ಸಿದೀಯಲ್ಲ, ಮಾನ ಐತಾ ನಿಂಗೆ?"

ನಾನಲ್ಲ, ಯಾರೋ ಅಂಟಿಸಿದ್ದು, ನಾನು ಬರೆದದ್ದು ಬರಿ ಹಣೆಯೇ ಅಂದೆ. ಅವನು ತಣ್ಣಗಾದ. ಹಂಗಾದ್ರೆ ಸರಿ, ಚಿತ್ರ ಬಂದಮೇಲೆ ಸ್ಟಿಕ್ಕರ್ ಕಿತ್ತು ಹಾಕು, ಬಂದು ನೋಡ್ತೀನಿ ಅಂತ ಹೇಳಿ ಟೀ ಕುಡಿದು ಹೋದ.

ಹಂಗಾದ್ರೆ ಸರಿ. ದೊಡ್ಡಪ್ಪನಿಗೆ ನನ್ನ ಚಿತ್ರ ಸರಿ! ಇವನಿಗೆ ಸರಿ ಅನ್ನಿಸೋಕಾ ನಾನು ಬರೆದದ್ದು? ಟೀ ತಂದುಕೊಟ್ಟವಳು ಅವ್ವ. ಎಲ್ಲ ಕೇಳಿಸಿಕೊಂಡಳು. ಲೋಟ ತೊಳೆದು ಇಟ್ಟಳು.

2 ಡಿಸೆಂಬರ್

ಚಿತ್ರ ಮನೆಗೆ ತಂದೆ. ತಡೆಯಲಾಗಲಿಲ್ಲ. ಅವ್ವ ನೀರಿಗೆ ಹೋದಾಗ ಉಗುರಲ್ಲಿ ಸ್ಟಿಕ್ಕರ್ ಎಬ್ಬಿಸಿದೆ. ಬಂತು — ಕೆಳಗಿನ ಬಣ್ಣ ಕಿತ್ತುಕೊಂಡೇ ಬಂತು. ಹಣೆ ನಡುವೆ ತಗಡು ಪಳಪಳ.

ಕೂತು ಅತ್ತೆ. ವಿಮಲಮ್ಮನಿಗೆ ಬಾಯಿಗೆ ಬಂದದ್ದೆಲ್ಲ ಬೈದೆ. ಕೊಡ ಹೊತ್ತುಕೊಂಡು ಬಂದ ಅವ್ವ ಬಾಗಿಲಲ್ಲೇ ನಿಂತಳು. ಕೊಡ ಇಳಿಸಲೂ ಇಲ್ಲ.

"ಅವತ್ತು ಒರೆಸ್ದಾಗ ನಿಮ್ ದೊಡ್ಡಪ್ಪ ನನ್ನ ಕೇಳ್ಲಿಲ್ಲ. ಇಡೋವಾಗ ಆಯಮ್ಮನೂ ಕೇಳ್ಲಿಲ್ಲ. ನೀನಾದ್ರೂ ಬರೆಯೋ ಮುಂಚೆ ಕೇಳಿದ್ಯಾ? ಹಣೆ ನಂದು ಕಣೆ."

ಹೀಗಂದಳು. ನನಗೆ. ನನಗೇ.

9 ಡಿಸೆಂಬರ್, ಮಧ್ಯಾಹ್ನ

ಇವತ್ತು ರಜೆ ಹಾಕಿ ತಗಡನ್ನು ಕಿಟಕಿ ಹತ್ತಿರ ಇಟ್ಟೆ. ಸಂಕ್ರಾಂತಿಗೆ ಇಲ್ಲೇ ಭದ್ರಾವತಿಯಲ್ಲಿ ಪ್ರದರ್ಶನ ಇದೆ, ಇದನ್ನೇ ಕಳಿಸುತ್ತೇನೆ ಅಂದೆ ಅವ್ವನಿಗೆ. ಊರವರೆಲ್ಲ ನೋಡುತ್ತಾರೆ ಅಂತಲೂ ಅಂದೆ. ಆಮೇಲೆ ಕೇಳಿದೆ, ಹಣೆಗೆ ಏನು ಬರೆಯಲಿ.

ಅವ್ವ ಒಳಗೆ ಹೋದಳು. ಬಂದಾಗ ಕುಂಕುಮ ಇತ್ತು. ಸ್ಟಿಕ್ಕರ್ ಅಲ್ಲ, ಕುಂಕುಮ. ಸ್ವಲ್ಪ ಸೊಟ್ಟ — ಕೈಗೆ ಅಭ್ಯಾಸ ತಪ್ಪಿದೆ. ಎರಡು ವರ್ಷ ಆ ಡಬ್ಬಿ ಎಲ್ಲಿ ಬಚ್ಚಿಟ್ಟಿದ್ದಳೋ. ಸ್ಟೂಲ್ ಮೇಲೆ ಕೂತು, "ಹ್ಞೂಂ, ಬರಿ" ಅಂದಳು.

ಮೊದಲು ಆ ಬಿಳಿಚನ್ನೇ ಬಳಿದೆ. ಒಣಗಿದ ಮೇಲೆ ಅದರ ಮೇಲೆ ಕೆಂಪು ಇಡುತ್ತೇನೆ, ಅಂಚಲ್ಲಿ ಬಿಳಿಚು ಕಾಣುವ ಹಾಗೆ. ಒಣಗಲಿ ಅಂತ ಕಾಯುತ್ತಾ ಇದನ್ನು ಬರೆಯುತ್ತಿದ್ದೇನೆ.

ಹೊರಗೆ ದೊಡ್ಡಪ್ಪನ ಲೂನಾ ಸದ್ದು. ಚಿತ್ರ ನೋಡಲು ಬಂದಿದ್ದಾನೆ. ಒರೆಸಿಕೋ, ಇಲ್ಲ ಒಳಗೆ ಹೋಗು ಅಂದೆ ಅವ್ವನಿಗೆ. ನನಗೇ ಹೆದರಿಕೆ, ನೋಡು.

"ನೀನು ಬಣ್ಣ ನೋಡ್ಕೋ" ಅಂದಳು.

ಬಾಗಿಲು ಬಡಿಯುತ್ತಿದ್ದಾನೆ. ಅವ್ವ ಎದ್ದಳು. ಸೆರಗು ಸರಿಮಾಡಿಕೊಂಡಳು, ಹಣೆ ಮುಟ್ಟಲಿಲ್ಲ. ಹಾಗೇ ಹೋಗುತ್ತಿದ್ದಾಳೆ, ಚಿಲಕ ತೆಗೆಯುತ್ತಿದ್ದಾಳೆ —