ಲಾರಿಯ ಹಲಗೆಯ ಮೇಲೆ ಅವ್ವ

ಶಿರ್ಸಿ,
ತಾ. ೯-೪-೧೯೬೧, ರವಿವಾರ

ಚಿ. ತಮ್ಮ ಸಂಗಯ್ಯನಿಗೆ,

ಅಕ್ಕನ ಆಶೀರ್ವಾದಗಳು. ನಾವು ಇಲ್ಲಿ ಆರಾಮ ಇದ್ದೇವೆ. ನೀನು, ಗಿರಿಜವ್ವ, ಮಕ್ಕಳು ಹೇಗಿದ್ದೀರಿ? ಶಿವರಾತ್ರಿಗೆ ಬಂದ ನಿನ್ನ ಕಾಗದಕ್ಕೆ ಯುಗಾದಿ ಕಳೆದ ಮೇಲೆ ಉತ್ತರ ಬರೆಯಲು ಕೂತಿದ್ದೇನೆ, ಸಿಟ್ಟಾಗಬೇಡ. ನಮ್ಮ ಶಾರದಾ ಹಡೆದಿದ್ದಾಳೆ. ಹೆಣ್ಣು ಕೂಸು, ನಿನ್ನ ಹಾಗೆಯೇ ಅಗಲ ಹಣೆ. ಬಾಣಂತಿಯ ಸ್ನಾನ, ಕೂಸಿನ ಸ್ನಾನ, ಅಂಗಡಿಯವರ ಊಟ, ಇದರಲ್ಲಿ ಕೈ ಬಿಡುವಾಗಲಿಲ್ಲ ಎಂದು ಬರೆದರೆ ಅದು ಅರ್ಧ ನಿಜ. ಏನು ಬರೆಯಬೇಕೆಂದು ತಿಳಿಯಲಿಲ್ಲ ಎನ್ನುವುದು ಇನ್ನರ್ಧ.

ನೀನು ಬರೆದದ್ದು ಮೂರೇ ಸಾಲು. "ಅಕ್ಕಾ, ನೀನು ಹೇಳಿದಂತೆ ಬಣ್ಣ, ಕುಂಚ ಬಿಟ್ಟೆ. ಯಲ್ಲಾಪುರದ ನಾಟಾ ಡಿಪೋದಲ್ಲಿ ದಿಮ್ಮಿ ಲೆಕ್ಕದ ಗುಮಾಸ್ತನಾಗಿ ಸೇರಿದೆ. ಈಗ ಎಲ್ಲರಿಗೂ ಸಮಾಧಾನ ಆಯಿತಲ್ಲ." ಆ ಕೊನೆಯ ಸಾಲನ್ನು ಎಷ್ಟು ಸಲ ಓದಿದೆನೋ. ಬಿಡು ಬಿಡು ಎಂದು ನಿನ್ನ ಬೆನ್ನು ಹತ್ತಿದವಳು ನಾನೇ, ಅದನ್ನು ಇಲ್ಲ ಅನ್ನುವುದಿಲ್ಲ. ಮಳೆಗಾಲದಲ್ಲಿ ಕಾಡಿನ ದಾರಿ ಕೆಸರಾಗಿ ಲಾರಿಗಳು ನಿಲ್ಲುತ್ತವೆ, ನಿಂತ ಲಾರಿಗೆ ಯಾರು ಬಣ್ಣ ಹಚ್ಚಿಸುತ್ತಾರೆ? ಹೋದ ಆಷಾಢದಲ್ಲಿ ಗಿರಿಜವ್ವ ಇಲ್ಲಿಗೆ ಬಂದಾಗ ಬಾಯಿ ಬಿಟ್ಟು ಏನೂ ಹೇಳಲಿಲ್ಲ. ಆದರೆ ಊಟಕ್ಕೆ ಕೂತ ನಿನ್ನ ಮಕ್ಕಳು ಎರಡನೇ ರೊಟ್ಟಿ ಕೇಳುವ ಮೊದಲು ತಾಯಿಯ ಮುಖ ನೋಡುತ್ತಿದ್ದರು. ಅದನ್ನು ನೋಡಿದ ಮೇಲೆಯೇ ನಿನ್ನ ಭಾವನವರಿಗೆ ಹೇಳಿ ಆ ಕೆಲಸ ಕೊಡಿಸಿದ್ದು.

ಈಗ ಮೊನ್ನೆ ಮಂಗಳವಾರ ನಡೆದದ್ದನ್ನು ಕೇಳು.

ಹುಬ್ಬಳ್ಳಿಯಿಂದ ಜೋಳದ ಚೀಲ ಹೇರಿಕೊಂಡು ಒಂದು ಲಾರಿ ನಮ್ಮ ಅಂಗಡಿಯ ಮುಂದೆ ಬಂದು ನಿಂತಿತು. ನಾನು ಕೂಸಿನ ಬಟ್ಟೆ ಒಣಹಾಕಲು ಹೊರಗೆ ಬಂದಿದ್ದೆ. ಹಿಂದಿನ ಹಲಗೆ ನನ್ನ ಕಡೆಗಿತ್ತು. ಲಾರಿಗಳ ಹಿಂದೆ ಕಮಲವೋ ಗಿಣಿಯೋ ಇರುತ್ತದೆ, ನೋಡುವುದೇನಿದೆ ಎಂದು ತಿರುಗುವವಳಿದ್ದೆ. ಆದರೆ ಈ ಹಲಗೆಯ ಚಿತ್ರದಲ್ಲಿ ಒಬ್ಬ ಮುದುಕಿ ಬೀಸುವ ಕಲ್ಲಿನ ಮುಂದೆ ಕೂತಿದ್ದಳು. ಬೆನ್ನು ನಮ್ಮ ಕಡೆ, ಮುಖ ಕಾಣುವುದಿಲ್ಲ. ಸೆರಗು ಜಾರಿದೆ. ಕಲ್ಲಿನ ಸುತ್ತ ಹಿಟ್ಟು ಬೆಳ್ಳಗೆ ಬಿದ್ದಿದೆ. ಬಲಗಾಲು ಉದ್ದಕ್ಕೆ ಚಾಚಿದ್ದಾಳೆ, ಮೊಣಕಾಲಿನ ಕೆಳಗೆ ಮಡಚಿದ ಗೋಣಿಚೀಲ.

ಸ್ವಾಧೀನವಿಲ್ಲದ ಕಾಲಿಗೆ ಅವ್ವ ಕೊಟ್ಟುಕೊಳ್ಳುತ್ತಿದ್ದ ಆ ಗೋಣಿಚೀಲದ ಸಂಗತಿ ನಮ್ಮಿಬ್ಬರನ್ನು ಬಿಟ್ಟರೆ ಯಾರಿಗೆ ಗೊತ್ತು, ತಮ್ಮಾ? ಅವ್ವ ತೀರಿಕೊಂಡು ಮೂರು ವರ್ಷ. ನಾನು ಒದ್ದೆ ಬಟ್ಟೆ ಕೈಯಲ್ಲಿ ಹಿಡಿದುಕೊಂಡೇ ಬೀದಿಯಲ್ಲಿ ನಿಂತು ಅತ್ತೆ.

ಡ್ರೈವರ್ ಇಳಿದು ಓಡಿ ಬಂದ. ಬೈರ ಎಂದು ಹೆಸರು, ಸಿದ್ದಾಪುರದ ಕಡೆಯವನಂತೆ. "ಎಂತ ಆತು ಅಮ್ಮಾ? ಕಾಲ ಮೇಲೆ ಚೀಲ ಬಿತ್ತಾ?" ಅಂದ.

"ಇದನ್ನ ಬರದವರು ಯಾರಪಾ?" ಎಂದು ಕೇಳಿದೆ.

"ನಮ್ಮ ಯಲ್ಲಾಪುರದ ಸಂಗಯ್ಯನವ್ರು. ಡಿಪೋದಲ್ಲಿ ಗುಮಾಸ್ತ್ರು. ಬಣ್ಣ ಒಣಗಿ ಹದಿನೈದು ದಿನ ಆಗಲಿಲ್ಲ."

"ಅವರು ಬಣ್ಣದ ಕೆಲಸ ಬಿಟ್ಟಾರ ಅಂತ ಕೇಳಿದ್ದೆ."

ಅವನು ನಕ್ಕುಬಿಟ್ಟ. "ಬಿಡೂದೆಂತದು! ಬೆಳಕು ಹರಿಯೂಕೆ ಇಲ್ಲೆ, ಗ್ಯಾರೇಜಿಗೆ ಬಂದು ಕೂತಿರ್ತ್ರು. ಎಂಟಕ್ಕೆ ಡಿಪೋದ ಗಂಟೆ ಹೊಡೀತು ಅಂದ್ರೆ ಕುಂಚ ಅಲ್ಲಿಗೇ ನಿಂತ್ತು. ಎಲೆ ಅರ್ಧ ಬರೆದಿದ್ರೂ ಅರ್ಧಕ್ಕೇ ಬಿಟ್ಟು, ಸೀಮೆಎಣ್ಣೆಯಲ್ಲಿ ಕೈ ತೊಳೆದು, ಅಂಗಿ ಬದಲು ಮಾಡಿ ದಿಮ್ಮಿ ಲೆಕ್ಕಕ್ಕೆ ಹೋಗ್ತ್ರು. ಒಂದು ದಿನ ತಡ ಮಾಡಿದ್ದಿಲ್ಲೆ. ಈ ಅಜ್ಜಿಗೆ ಇಪ್ಪತ್ತೆರಡು ಬೆಳಗು ಹಿಡೀತು."

"ಲಾರಿ ಸಾವ್ಕಾರ ಕಮಲ ಕೇಳಲಿಲ್ಲೇನು?"

"ಕೇಳಿದ್ರು. ಕಮಲ ಬಾಗಿಲ ಮೇಲೆ ಉಂಟಲ್ಲ, ನೋಡಿ. ಕಮಲಕ್ಕೆ ದುಡ್ಡು ತಗೊಂಡ್ರು, ಅಜ್ಜಿಗೆ ಬ್ಯಾಡ ಅಂದ್ರು. 'ಇಷ್ಟು ದಿನ ಹೊಟ್ಟೆಗಾಗಿ ಊರವರು ಹೇಳಿದ್ದು ಬರದೆ. ಈಗ ಹೊಟ್ಟೆ ಡಿಪೋ ನೋಡ್ಕೊಳ್ತದ, ಈ ಹಲಗೆ ನನಗ ಬಿಡು ಬೈರಾ' ಅಂದ್ರು. ಹುಬ್ಬಳ್ಳಿಯ ಮಾರ್ಕೆಟ್ಟಲ್ಲಿ ಗಾಡಿ ನಿಂತ್ರೆ ಹಮಾಲರೆಲ್ಲ ಬಂದು ನಿಂತು ನೋಡ್ತ್ರು. ಒಬ್ಬನಂತೂ ಬೀಡಿ ಎಸೆದು ಕೈ ಮುಗಿದ!"

ನಾನು ನಕ್ಕೆನೋ ಅತ್ತೆನೋ ನನಗೇ ತಿಳಿಯದು. ಸುಳ್ಳು ಹೇಳಿದಿ, ಕಳ್ಳಾ! ಅಕ್ಕನಿಗೆ ಬಿಟ್ಟೆ ಎಂದು ಬರೆದು, ಬೆಳಗಿನ ಆ ಎರಡು ತಾಸನ್ನು ಯಾರಿಗೂ ಕೊಡದೆ ಇಟ್ಟುಕೊಂಡಿ. ಸಿಟ್ಟು ಬರುತ್ತದೆಂದು ಕಾದೆ, ಬರಲಿಲ್ಲ.

ಇಷ್ಟರಲ್ಲಿ ನಿನ್ನ ಭಾವನವರು ಅಂಗಡಿಯಿಂದ ಹೊರಬಂದರು. ನಿನಗೆ ಅವರು ಗೊತ್ತಲ್ಲ. "ಬಣ್ಣ ಬಳಿದರ ಹೊಟ್ಟಿ ತುಂಬತದೇನು?" ಎಂದು ನಿನ್ನ ಮದುವೆಯ ಪಂಕ್ತಿಯಲ್ಲೇ ಕೇಳಿದವರು. ನನ್ನ ಮುಖ ನೋಡಿದರು, ಹಲಗೆ ನೋಡಿದರು. ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿ ಮತ್ತೆ ಹಾಕಿಕೊಂಡು ನೋಡಿದರು. ಹಮಾಲರು ಸರಪಳಿ ಬಿಚ್ಚಿ, ಯಾವಾಗಿನಂತೆ ಹಲಗೆಯನ್ನು ಧಡ್ ಎಂದು ಕೆಳಗೆ ಬಿಡುವವರಿದ್ದರು. ಇವರು ಕೂಗಿದರು ನೋಡು, ಓಣಿಗೆಲ್ಲ ಕೇಳುವಂತೆ:

"ಏಯ್, ಸಾವಕಾಶ ಇಳಸ್ರೋ! ನಮ್ಮ ಅತ್ತಿಯವರು ಅದಾರ!"

ಹಮಾಲರಿಗೆ ಏನೂ ತಿಳಿಯಲಿಲ್ಲ. ಆದರೂ ನಾಲ್ಕು ಜನ ಹಿಡಿದು ಮೆಲ್ಲಗೆ ಇಳಿಸಿದರು. ಚೀಲ ತಾಗದಂತೆ ಇವರೇ ಪಕ್ಕದಲ್ಲಿ ನಿಂತರು. ಬೈರನಿಗೆ ಚಹಾ ಅವಲಕ್ಕಿ ಕೊಟ್ಟು, ಅಂಗಡಿಯ ಗಾದಿಯ ಮೇಲೆ ಕೂರಿಸಿ, ನಿನ್ನ ಬಗ್ಗೆ ಕೇಳಿದ್ದನ್ನೇ ಕೇಳಿದರು. "ಕೆಲಸದಾಗ ಹೆಂಗದಾನ? ಮಾಲಕರು ಏನಂತಾರ?" "ಅವ್ರು ಬರೆದ ನಂಬರು ಮಳೆಗೂ ಅಳಿಸೂದಿಲ್ಲೆ ಅಯ್ನೋರೇ, ದಿಮ್ಮಿಯ ಮೇಲೂ ಅಕ್ಷರ ಮುತ್ತಿನಂಗೆ" ಎಂದ ಅವನು. ಲಾರಿ ಹೋದ ಮೇಲೆ ಇವರು ನನಗೆ ಅಂದದ್ದು ಇಷ್ಟೇ: "ಗೌರಾ, ನಿನ್ನ ತಮ್ಮಗ ಬರಿ. ನೌಕರಿ ಬಿಡಬ್ಯಾಡ ಅಂತ ಬರಿ. ಅದನ್ನೂ ಬಿಡಬ್ಯಾಡ ಅಂತ ಬರಿ." ಇಪ್ಪತ್ತು ವರ್ಷದ ಸಂಸಾರದಲ್ಲಿ ಅವರು ತಮ್ಮ ಮಾತು ಹಿಂದೆ ತೆಗೆದುಕೊಂಡದ್ದನ್ನು ನಾನು ನೋಡಿದ್ದು ಇದೇ ಮೊದಲು.

ಅವರು ಹೇಳಿದ್ದನ್ನು ಬರೆದೆ. ಈಗ ನನ್ನದು. ಕೆಲಸ ಸಿಕ್ಕರೆ ನೀನು ಸುಮ್ಮನಾಗುತ್ತೀ ಎಂದುಕೊಂಡಿದ್ದೆ. ನಮ್ಮ ಓಣಿಯಲ್ಲೇ ನೋಡು, ಒಂದು ಕಾಲಕ್ಕೆ ಹಾಡುತ್ತಿದ್ದವರು, ಮದ್ದಳೆ ಬಾರಿಸುತ್ತಿದ್ದವರು ಎಷ್ಟು ಜನ. ಸಂಸಾರ ಬೆಳೆದಂತೆ ಎಲ್ಲರೂ ಬಿಟ್ಟರು, ಬಿಟ್ಟದ್ದಕ್ಕೆ ಹೆಂಡತಿ ಮಕ್ಕಳ ಹೆಸರು ಹೇಳುತ್ತಾರೆ. ನೀನು ಹಾಗೆ ಮಾಡಲಿಲ್ಲ. ಮಕ್ಕಳಿಗೆ ರೊಟ್ಟಿಯನ್ನೂ ತಂದಿ, ಗಂಟೆಗೆ ಸರಿಯಾಗಿ ಕೆಲಸಕ್ಕೂ ಹೋದಿ, ಇಪ್ಪತ್ತೆರಡು ಬೆಳಗು ಎದ್ದು ಅವ್ವನನ್ನೂ ಕೂರಿಸಿದಿ. ನಿನಗಿಂತ ಎಂಟು ವರ್ಷ ದೊಡ್ಡವಳು ನಾನು, ನಿನ್ನ ಮೂಗು ಒರೆಸಿದವಳು. ಆದರೆ ಮೊನ್ನೆ ಆ ಬೀದಿಯಲ್ಲಿ ನಿನಗೆ ಕೈ ಮುಗಿಯಬೇಕು ಅನ್ನಿಸಿತು. ಇದನ್ನು ಎದುರಿಗೆ ಹೇಳಲು ನನ್ನಿಂದಾಗದು, ಅದಕ್ಕೇ ಬರೆದಿದ್ದೇನೆ.

ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಗೊತ್ತಾದ ಕೂಡಲೇ ತಿಳಿಸುತ್ತೇನೆ, ಗಿರಿಜವ್ವನನ್ನೂ ಮಕ್ಕಳನ್ನೂ ಕರೆದುಕೊಂಡು ಬಾ. ಬೆಳಗಿನ ಚಳಿಗೆ ಕಿವಿಗೆ ಬಟ್ಟೆ ಕಟ್ಟಿಕೋ. ಸೀಮೆಎಣ್ಣೆಯ ಕೈ ಚೆನ್ನಾಗಿ ತೊಳೆಯದೆ ಉಣ್ಣಬೇಡ. ಬಸವಣ್ಣ ನಿನ್ನ ಕಣ್ಣು, ಕೈ ಎರಡನ್ನೂ ಗಟ್ಟಿಯಾಗಿ ಇಟ್ಟಿರಲಿ.

ಇಂತಿ ನಿನ್ನ ಅಕ್ಕ,
ಗೌರವ್ವ

ತಾ.ಕ.: ಕಾಗದ ಮಡಚಿದವಳು ಮತ್ತೆ ಬಿಚ್ಚಿದೆ. ನಿನ್ನ ಸುಳ್ಳನ್ನು ಎತ್ತಿ ತೋರಿಸಿ ನನ್ನದನ್ನು ಮುಚ್ಚಿಟ್ಟರೆ ನಾನು ಎಂಥವಳು?

ಹತ್ತು ವರ್ಷದ ಹಿಂದೆ ನಿನ್ನ ಡ್ರಾಯಿಂಗ್ ಮಾಸ್ತರರು ನಿನ್ನ ಆರು ಚಿತ್ರ ಮುಂಬಯಿಯ ಒಂದು ಚಿತ್ರಶಾಲೆಗೆ ಕಳಿಸಿದ್ದರಲ್ಲ. ಉತ್ತರ ಬಂದಿತ್ತು, ಸಂಗೂ. ಅಪ್ಪ ತೀರಿಕೊಂಡು ನಲವತ್ತು ದಿನ ಆಗಿರಲಿಲ್ಲ, ಅವ್ವನ ಬಲಗಾಲು ಸ್ವಾಧೀನ ತಪ್ಪಿ ಬಿದ್ದಿತ್ತು, ನಾನು ತವರಿಗೆ ಬಂದು ಬನವಾಸಿಯ ಮನೆಯಲ್ಲೇ ಇದ್ದೆ. ಪೋಸ್ಟಿನವನು ನನ್ನ ಕೈಯಲ್ಲಿ ಕೊಟ್ಟ. ಜೂನ್ ತಿಂಗಳಿಗೆ ಬಾ, ಒಂದು ವರ್ಷ ಊಟ ವಸತಿ ನಾವು ನೋಡಿಕೊಳ್ಳುತ್ತೇವೆ ಎಂದಿತ್ತು. ನೀನು ಹೋದರೆ ಅವ್ವ ಏನಾಗಬೇಕು ಎಂದು ಟ್ರಂಕಿನ ತಳದಲ್ಲಿ ಇಟ್ಟುಬಿಟ್ಟೆ. ಅವ್ವನಿಗೂ ಹೇಳಲಿಲ್ಲ. ನೀನು ಎರಡು ತಿಂಗಳು ದಿನಾ ಪೋಸ್ಟಿಗೆ ಹೋಗಿ ಬಂದಿ. ಒಂದು ದಿನ ಕಟ್ಟೆಯ ಮೇಲೆ ಕೂತು, "ನನ್ನ ಚಿತ್ರ ಚೊಲೋ ಇರಲಿಲ್ಲ ಕಾಣತದ, ಅಕ್ಕಾ" ಅಂದಿ. ನಾನು "ಹೌದೇನೋ, ತಮ್ಮಾ" ಅಂದೆ.

ಕಾಗದ ಮುಚ್ಚಿಟ್ಟದ್ದಕ್ಕೆ ಬೇಕಾದರೆ ಕ್ಷಮಿಸು, ಬಿಡು. ಆ "ಹೌದೇನೋ" ಮಾತ್ರ ನನ್ನನ್ನು ಹತ್ತು ವರ್ಷ ತಿಂದಿದೆ. ಅವರ ಪತ್ರವನ್ನು ಇದೇ ಲಕೋಟೆಯಲ್ಲಿ ಇಟ್ಟಿದ್ದೇನೆ. ಇಂಗ್ಲಿಷಿನಲ್ಲಿದೆ, ಅವತ್ತು ಬನವಾಸಿಯ ಓಣಿಯಲ್ಲಿದ್ದ ಬೇರೊಬ್ಬ ಮಾಸ್ತರರಿಂದ ಅರ್ಥ ಕೇಳಿಕೊಂಡಿದ್ದೆ. ಎರಡನೆಯ ಸಾಲು ಓದು. ನಿನ್ನ ಚಿತ್ರಗಳು ಚೊಲೋ ಇದ್ದವು ಎಂದು ಬರೆದಿದ್ದಾರೆ.