ಗುಡಾರದಲ್ಲಿ ಉಳಿದವಳು

ಮಾರ್ಚ್ ೯, ಭಾನುವಾರ ಸಂಜೆ

ನನ್ನ ಬಂಗಾರದಂಥ ಮಗಳಿಗೆ,

ಅಮ್ಮನ ಮುತ್ತುಗಳು. ನಿನ್ನ ಕಾಗದ ಬಂದು ಎಷ್ಟೋ ದಿನವಾಯಿತು. ಉತ್ತರ ಬರೆಯಲಿಲ್ಲವೆಂದು ಬೈದುಕೊಂಡಿರುತ್ತೀಯ, ಬೈದುಕೋ. ಪುರುಸೊತ್ತಿರಲಿಲ್ಲವೆಂದರೆ ಸುಳ್ಳಾದೀತು. ನಿನ್ನ ಕಾಗದವೇ ನನ್ನ ತಲೆ ಕೆಡಿಸಿತ್ತು.

ನಿಮ್ಮ ದೇವಶಾಸ್ತ್ರದ ಕಾಲೇಜಿನಲ್ಲಿ ಈಗ ಬೈಬಲನ್ನು ಹೊಸ ರೀತಿಯಲ್ಲಿ ಓದಿಸುತ್ತಾರೆ, ಕಥೆಯಲ್ಲಿ ಮಾತೇ ಸಿಗದವರ ಕಡೆ ನಿಂತು ನೋಡಬೇಕೆನ್ನುತ್ತಾರೆ ಎಂದು ಬರೆದಿದ್ದೆ. ದೇವರು ಕೇಳಿದನೆಂದು ಅಪ್ಪ ಮಗನನ್ನು ಬಲಿ ಕೊಡಲು ಬೆಟ್ಟಕ್ಕೆ ಕರೆದೊಯ್ದ ದಿನ ತಾಯಿ ಏನು ಮಾಡುತ್ತಿದ್ದಳು ಎಂದು ನಿಮ್ಮ ಮೇಡಂ ಕೇಳಿದರಂತೆ. ಕೊನೆಗೆ ದೇವರೇ ತಡೆದ, ಸರಿ. ಆದರೆ ಇಷ್ಟು ವರ್ಷ ಪಾಸ್ಟರ್ ಹೆಂಡತಿಯಾಗಿ ಮುಂದಿನ ಬೆಂಚಿನಲ್ಲೇ ಕೂತು ನಿಮ್ಮಪ್ಪನ ಬಾಯಲ್ಲಿ ಆ ಕಥೆ ಕೇಳಿದ್ದೇನೆ, ಒಂದು ಸಲವಾದರೂ ಆ ಪುಣ್ಯಾತ್ಗಿತ್ತಿಯ ನೆನಪಾಗಿತ್ತೇ ನನಗೆ?

ಆಮೇಲೆ ಮಧ್ಯಾಹ್ನ ಕಣ್ಣು ಮುಚ್ಚಿದರೆ ಸಾಕು, ನಾನು ಆ ತಾಯಿಯ ಗುಡಾರದೊಳಗೆ. ಬಟ್ಟೆಯ ಗೋಡೆ ಮೆಲ್ಲಗೆ ಉಸಿರಾಡುತ್ತಿರುತ್ತದೆ. ಪಕ್ಕದ ಹಾಸಿಗೆ ಮುಟ್ಟಿದರೆ ಇನ್ನೂ ಬೆಚ್ಚಗಿದೆ, ಹುಡುಗ ಮಾತ್ರ ಇಲ್ಲ. ಹೊರಗೆ ಬಲಿಗೆಂದು ಒಯ್ದಷ್ಟು ಸೌದೆಯ ರಾಶಿ ಕುಗ್ಗಿದೆ, ಕತ್ತೆಯ ಗೊರಸಿನ ಗುರುತು ಬೆಳಕಿನೊಳಗೆ ನಡೆದುಹೋಗಿದೆ. ಕೂಗುತ್ತೇನೆ, ದನಿ ಹೊರಡದು. ಎಚ್ಚರವಾದಾಗ ಪಕ್ಕದ ಚರ್ಚಿನಲ್ಲಿ ನಿನ್ನ ತಮ್ಮ ಹಳೆಯ ಆರ್ಗನ್ನಿನ ಗಾಳಿಯೂದುವ ತಿದಿ ಹೊಲಿದು, ಒಂದೊಂದೇ ಸ್ವರ ನುಡಿಸಿ ನೋಡುವುದು ಕೇಳಿಸುತ್ತಿತ್ತು. ಇವನಿಗೆ ಇದೇ ಇಷ್ಟ, ಅಪ್ಪನ ಹಾಗೆ ಪಾಸ್ಟರ್ ಆಗುವುದಲ್ಲ ಎಂದುಕೊಂಡೆ.

ಅವನು ಕೂಸಾಗಿದ್ದಾಗ ಜ್ವರ ನೆತ್ತಿಗೇರಿ ಕೈಬಿಟ್ಟು ಹೋಗುವ ಹಾಗಾಗಿದ್ದು, "ಉಳಿಸಿದರೆ ನಿನ್ನ ಸೇವೆಗೇ ಕೊಡುತ್ತೇನೆ" ಎಂದು ನಿಮ್ಮಪ್ಪ ದೇವರಿಗೆ ಮಾತು ಕೊಟ್ಟದ್ದು ನಿನಗೆ ಗೊತ್ತೇ ಇದೆ. ನನ್ನನ್ನೊಂದು ಮಾತು ಕೇಳಿದರೇ? ಇವತ್ತು ಅವನನ್ನು ಒಪ್ಪಿಸಿ, ಪಾಸ್ಟರಾಗಲು ಓದುವ ಸೆಮಿನರಿಗೆ ಕಳಿಸುವ ಆರಾಧನೆಯಿತ್ತು. ನಮ್ಮ ಸಭೆಯ ಪದ್ಧತಿ ಗೊತ್ತಲ್ಲ, ಹಿರಿಯರು "ಈ ಮಗನನ್ನು ಯಾರು ಕೊಡುತ್ತೀರಿ?" ಎಂದಾಗ ಅಪ್ಪ ಅಮ್ಮ ಇಬ್ಬರೂ "ನಾನು" ಎನ್ನಬೇಕು. ಒಬ್ಬರು ಅನ್ನದಿದ್ದರೂ ಮುಂದಕ್ಕೆ ಹೋಗುವಂತಿಲ್ಲ.

ನಿಮ್ಮಪ್ಪ ಗಟ್ಟಿಯಾಗಿ "ನಾನು" ಎಂದರು. ನಾನು ಅನ್ನಲಿಲ್ಲ ಕಣೇ!

ಹಿರಿಯರು ಮತ್ತೆ ಕೇಳಿದರು. ಕಿಟಕಿಯ ಬಿಸಿಲಲ್ಲಿ ಧೂಳು ತೇಲುತ್ತಿತ್ತು, ನಾನೂ ತೇಲುತ್ತಿದ್ದೆ. "ಏನೇ ಇದು?" ಎಂದು ನಿಮ್ಮಪ್ಪ ಪಿಸುಗುಟ್ಟಿದರು. "ನನ್ನನ್ನ ಕೇಳಿದ್ರಾ ನೀವು?" ಎಂದೆ. ಆರಾಧನೆ ಅಲ್ಲಿಗೇ ನಿಂತಿತು. ನಿನ್ನ ತಮ್ಮ ತಲೆ ತಗ್ಗಿಸಿಕೊಂಡು ಹೋಗಿ ಬೆಂಚಿನಲ್ಲಿ ಕೂತ. ನಿಮ್ಮಪ್ಪ ಮುಖ ಊದಿಸಿಕೊಂಡು ಊಟ ಬಿಟ್ಟಿದ್ದಾರೆ. ಬಿಡಲಿ, ಹಸಿವಾದರೆ ತಾವೇ ಬರುತ್ತಾರೆ. ನನಗಂತೂ ಹೊಟ್ಟೆ ತಣ್ಣಗಾಗಿದೆ. ಆ ತಾಯಿಯ ಕೈಲಾಗದ್ದು ನನ್ನ ಕೈಲಾಯಿತು, ಮಗನನ್ನು ಉಳಿಸಿಕೊಂಡೆ. ನಿಮ್ಮ ಮೇಡಂಗೆ ಹೇಳು.

ಮೈ ನೋಡಿಕೋ, ಹೊತ್ತಿಗೆ ಸರಿಯಾಗಿ ಉಣ್ಣು. ದೇವರು ನಿನ್ನ ತಲೆಯ ಮೇಲೆ ಕೈಯಿಟ್ಟು ಕಾಯಲಿ.

ನಿನ್ನ
ಅಮ್ಮ

ತಾ.ಕ.: ಸೋಮವಾರ ಬೆಳಿಗ್ಗೆ. ಲಕೋಟೆ ಅಂಟಿಸುವ ಮೊದಲು ನಿನ್ನ ತಮ್ಮನನ್ನು "ಸಮಾಧಾನ ಆಯ್ತೇನೋ?" ಎಂದು ಕೇಳಿದೆ.

"ನಂಗೆ ಹೋಗೋಕೆ ಇಷ್ಟ ಇತ್ತಮ್ಮ" ಎಂದ.

"ಮತ್ತೆ ಬಾಯಿಬಿಟ್ಟು ಹೇಳ್ಬಾರ್ದಿತ್ತೇನೋ?"

"ಅಪ್ಪ ಕೇಳ್ಲಿಲ್ಲ. ನೀನೂ ಕೇಳ್ಲಿಲ್ವಲ್ಲಮ್ಮ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ ಕಣೇ. ಅದನ್ನೇ ನನಗೆ ತಡೆಯಲಾಗುತ್ತಿಲ್ಲ.