ನಾಳೆ ತೆಗೀತೀನಿ ಎಂದು ಬರೆದಿಟ್ಟ ಸಾಲು

ಮಾರ್ಚ್ ೧೪, ಗುರುವಾರ.

ಲ್ಯಾಬಿನ ರಿಪೋರ್ಟುಗಳನ್ನು ವಾರ್ಡುಗಳಿಗೆ ಕಳಿಸುವ ನಮ್ಮ ಆಸ್ಪತ್ರೆಯ ಕಂಪ್ಯೂಟರ್ ಸರ್ವಿಸ್ ಇವತ್ತೂ ನಾಲ್ಕು ಸಲ ನಿಂತಿತು. ಹೊಸ ಲ್ಯಾಬನ್ನು ಅದಕ್ಕೆ ಸೇರಿಸಿದಾಗಿನಿಂದ, ಹನ್ನೆರಡು ದಿನದಿಂದ, ಇದೇ ಹಣೆಬರಹ. ಚಾಲೂ ಮಾಡಿ ಚಹಾ ಕುಡಿದು ಮುಗಿಸುವುದರೊಳಗೆ ಮತ್ತೆ ಸತ್ತಿರುತ್ತದೆ.

"ಅಣ್ಣಾ, ನಿಮ್ಮ ಕುಂಭಕರ್ಣ ಮತ್ತೆ ಮಲಗಿದಾನೆ," ಎಂದಳು ನರ್ಸ್, ರಕ್ತಪರೀಕ್ಷೆಯ ಚೀಟಿಗಳನ್ನು ಹಿಡಿದು ಮೂರು ಮಹಡಿ ಹತ್ತಿ ಬಂದು.

ಬೇರೇನೂ ತೋಚದೆ, ಸರ್ವರ್‌ನಲ್ಲಿ ತಾನಾಗಿ ಓಡುವ ಹಳೆಯ ಸ್ಕ್ರಿಪ್ಟುಗಳನ್ನು ತೆರೆದು ಓದಿದೆ. ಮೆಮೊರಿ ತುಂಬಿದರೆ ಸರ್ವಿಸನ್ನು ನಿಲ್ಲಿಸುವ ಸಾಲೊಂದು ಅಲ್ಲಿತ್ತು. ಪಕ್ಕದಲ್ಲಿ ಟಿಪ್ಪಣಿ: 'ಸದ್ಯಕ್ಕಿರಲಿ, ನಾಳೆ ತೆಗೀತೀನಿ.' ಎರಡು ವರ್ಷದ ಹಿಂದಿನ ತಾರೀಖು. ಹೆಸರು ನನ್ನದೇ. ಹೊಸ ಲ್ಯಾಬಿನ ಹೊರೆಗೆ ಈಗ ಮೆಮೊರಿ ದಿನವೂ ತುಂಬುತ್ತಿತ್ತು.

ಅಳಿಸಿದೆ. ಆಮೇಲೆ ಒಮ್ಮೆಯೂ ನಿಂತಿಲ್ಲ. ನಿಂತಿದ್ದರೇ ಚೆನ್ನಾಗಿತ್ತು.

"ಏನಾಗಿತ್ತಪ್ಪಾ ಅದಕ್ಕೆ?" ಎಂದು ಮ್ಯಾನೇಜರ್ ಕೇಳಿದರು.

"ತಾನಾಗೇ ಸರಿಹೋಯ್ತು ಸರ್," ಎಂದೆ.

ಕಳೆದ ವಾರ ಇದೇ ಮ್ಯಾನೇಜರ್ ಮುಂದೆ, "ಅಕ್ಕ ಏನೋ ಸೆಟ್ಟಿಂಗ್ ಮುಟ್ಟಿರಬೇಕು," ಎಂದಿದ್ದವನೂ ನಾನೇ. ಪಕ್ಕದ ಮೇಜಿನ ಸೀನಿಯರ್, ನನಗೆ ಈ ಕೆಲಸ ಕಲಿಸಿದ ಅಕ್ಕ. "ನಾನು ಮುಟ್ಟೇ ಇಲ್ಲ ಕಣೋ," ಎಂದು ಎರಡು ಸಲ ನನ್ನ ಮುಖ ನೋಡಿ ಹೇಳಿದ್ದರು. ಸೋಮವಾರ ಅವರನ್ನು ಕೆಲಸದಿಂದ ತೆಗೆದರು. ಅವರ ಲೋಟ ಇನ್ನೂ ಮೇಜಿನ ಮೇಲೇ ಇದೆ.

ನಿಜ ಹೇಳಿಬಿಡಬೇಕು, ಮೊದಲು ಅಕ್ಕನಿಗೆ, ಆಮೇಲೆ ಮ್ಯಾನೇಜರಿಗೆ. ಫೋನ್ ಕೈಯಲ್ಲೇ ಇದೆ. ಕಣ್ಣು ಎಳೆಯುತ್ತಿದೆ. ಈಗ ಬೇಡ.

ನಾಳೆ ಮಾಡುತ್ತೇನೆ.